ತಿಂದದ್ದು, ಕರಗಿದ್ದು

ಸಾಹೇಬರು ಆ ಮಾತು ಹೇಳುವಾಗ ಅವರ ಬಾಯಿ ತುಂಬ ಶಿರಾ ಇತ್ತು. ಬ್ಲಾಕ್ ಆಫೀಸಿನಲ್ಲಿ ತಿಂಗಳ ಕೊನೆಯ ಮೀಟಿಂಗು. ಮೇಜಿನ ಮೇಲೆ ಶಿರಾ, ಮಿರ್ಚಿ ಭಜಿ, ಚಹಾದ ಕಪ್ಪುಗಳು. ಕೆಳಗೆ ಜಮಖಾನೆಯ ಮೇಲೆ ನಾವು ಏಳೆಂಟು ಜನ ಗ್ರಾಮಸೇವಕರು, ಗ್ರಾಮಸೇವಿಕೆಯರು. ಹಳ್ಳಿಗಳಲ್ಲಿ ಸಮತೋಲ ಆಹಾರದ ಪ್ರಚಾರ ಹೇಗೆ ನಡೆದಿದೆ ಎಂದು ಅವರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು. ನನ್ನ ಸರದಿ ಬಂತು. ನಾನು ಕೈಯನ್ನು ನೆಲಕ್ಕೆ ಊರಿ ಏಳಬೇಕಾಗುತ್ತಿತ್ತು, ಅಷ್ಟು ದಪ್ಪಗಿದ್ದೆ. ಅವರು ಭಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನಾನು ಏಳುವುದನ್ನು ಪೂರ್ತಿ ನೋಡಿದರು.

"ನೀ ಹೋಗಿ ಆಹಾರದ ಬಗ್ಗೆ ಹೇಳಿದ್ರ ಮಂದಿ ಏನಂತಾರವಾ? ಮೊದಲ ನೀ ತಿನ್ನೂದು ಕಡಿಮಿ ಮಾಡು ಅಂತಾರ" ಎಂದರು.

ಎಲ್ಲರೂ ನಕ್ಕರು. ಅವರ ಕೆಳತುಟಿಗೆ ತುಪ್ಪದಲ್ಲಿ ಹೊಳೆಯುವ ರವೆಯ ಕಾಳೊಂದು ಅಂಟಿತ್ತು, ನಕ್ಕಾಗ ಅದು ಕುಣಿಯಿತು. ನಾನೂ ನಕ್ಕೆ. ಆ ದಿನದ ಬಗ್ಗೆ ನೆನೆದಾಗ ಅವರ ಮಾತಿಗಿಂತ ನನ್ನ ಆ ನಗುವೇ ಹೆಚ್ಚು ಹೇಸಿಗೆ ಎನಿಸುತ್ತದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಜಯಪುರಕ್ಕೆ ನಾವೆಲ್ಲ ವಿಜಾಪುರ ಎನ್ನುತ್ತಿದ್ದ ಕಾಲ. ನನಗೆ ಇಪ್ಪತ್ಮೂರು ವರ್ಷ. ಅಪ್ಪ ಬಬಲೇಶ್ವರದಲ್ಲಿ ಸಾಲಿ ಮಾಸ್ತರರಾಗಿದ್ದು ತೀರಿಕೊಂಡಿದ್ದರು. ನನಗೆ ನೌಕರಿ ಸಿಕ್ಕ ಮೇಲೆ ಅವ್ವನನ್ನು ಕರೆದುಕೊಂಡು ವಿಜಾಪುರಕ್ಕೆ ಬಂದು, ಸೊಲ್ಲಾಪುರ ರಸ್ತೆಯಲ್ಲಿ ಒಂದು ವರ್ಕ್‌ಶಾಪಿನ ಹಿಂದೆ ಎರಡು ಖೋಲಿಯ ಮನೆ ಹಿಡಿದಿದ್ದೆ. ಹಗಲೆಲ್ಲ ಕಬ್ಬಿಣ ಬಡಿಯುವ ಸದ್ದು, ಡೀಸೆಲ್ ವಾಸನೆ. ಚಿಕ್ಕಂದಿನಿಂದಲೂ ನಾನು ದಪ್ಪ. ಬಬಲೇಶ್ವರದ ಸಾಲಿಯಲ್ಲಿ ನನ್ನನ್ನು ಬಾಂಕಿನ ತುದಿಗೆ ಕೂರಿಸುತ್ತಿದ್ದರು. ನಡುವೆ ಕೂತರೆ ಉಳಿದವರಿಗೆ ಜಾಗವಿಲ್ಲ ಎಂದು. ಅವ್ವನಿಗೆ ಮಾತ್ರ ನನ್ನ ಮೈ ಹೆಮ್ಮೆಯ ವಿಷಯ. ಮಾಸ್ತರರ ಪಗಾರದಲ್ಲೂ ಮಗಳಿಗೆ ಬೆಣ್ಣೆ ಕಡಿಮೆ ಮಾಡಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಮೀಟಿಂಗಿನಿಂದ ಮನೆಗೆ ಬಂದವಳೇ ಟ್ರಂಕಿನಿಂದ ಟ್ರೇನಿಂಗಿನ ಪುಸ್ತಕ ತೆಗೆದೆ. ಇಂಗ್ಲಿಷ್ ಪುಸ್ತಕ. ಕೊನೆಯಲ್ಲಿ ಎರಡು ಪಟ್ಟಿಗಳಿದ್ದವು. ಒಂದರಲ್ಲಿ ಯಾವ ಧಾನ್ಯ, ಯಾವ ಬೇಳೆಯಲ್ಲಿ ಎಷ್ಟು ಕ್ಯಾಲೊರಿ ಎಂದು. ಇನ್ನೊಂದರಲ್ಲಿ ಯಾವ ಕೆಲಸ ಮಾಡಿದರೆ ತಾಸಿಗೆ ಎಷ್ಟು ಕ್ಯಾಲೊರಿ ಕರಗುತ್ತದೆ ಎಂದು. ಈ ಪಟ್ಟಿಯನ್ನು ನಾನು ಹಳ್ಳಿಹಳ್ಳಿಯಲ್ಲಿ ಗಿಳಿಪಾಠ ಒಪ್ಪಿಸಿದ್ದೆ, ನನ್ನ ಮೈಗೆ ಅದು ಸಂಬಂಧಪಟ್ಟದ್ದು ಎಂದು ಒಂದು ದಿನವೂ ಅನಿಸಿರಲಿಲ್ಲ. ನೂರು ಪುಟದ ಒಂದು ನೋಟುಪುಸ್ತಕ ತಂದು ಪ್ರತಿ ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ 'ತಿಂದದ್ದು', ಬಲಕ್ಕೆ 'ಕರಗಿದ್ದು' ಎಂದು ಬರೆದೆ. ಬಲಗಡೆಯ ಮೊತ್ತ ಎಡಗಡೆಗಿಂತ ದಿನಾ ದೊಡ್ಡದಿರಬೇಕು. ಅಷ್ಟೇ ಶಾಸ್ತ್ರ.

ಮೊದಲ ರವಿವಾರ ಸ್ಟೇಶನ್ನಿಗೆ ಹೋದೆ. ಅಲ್ಲಿ ಕಾಸು ಹಾಕಿದರೆ ತೂಕದ ಚೀಟಿ ಉದುರಿಸುವ ಯಂತ್ರವಿತ್ತು. ಮೇಲೆ ನಿಂತರೆ ಗಾಜಿನೊಳಗೆ ಬಣ್ಣದ ಚಕ್ರ ಗರಗರ ತಿರುಗುತ್ತಿತ್ತು. ಗಾಡಿ ಕಾಯುತ್ತ ಕೂತವರಿಗೆ ಬೇರೆ ಕೆಲಸವಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಚೀಟಿ ಬಿತ್ತು: ನೂರಾ ಎಪ್ಪತ್ತೆಂಟು ಪೌಂಡು. ಹಿಂದುಗಡೆ ನನ್ನ ಭವಿಷ್ಯ ಅಚ್ಚಾಗಿತ್ತು, ಅದನ್ನು ಓದಲಿಲ್ಲ. ಬೆವರಿಗೆ ಕುಬುಸ ಬೆನ್ನಿಗಂಟಿತ್ತು. ಅಂಟಿದಲ್ಲೆಲ್ಲ ಒಂದೊಂದು ಮಡಿಕೆ ಇದೆಯೆಂದು ಗೊತ್ತಾಗಿ, ನನ್ನ ಮೈಯನ್ನು ಅಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಬಿಟ್ಟು ಬರುವ ಹಾಗಿದ್ದರೆ ಬಿಟ್ಟು ಬರುತ್ತಿದ್ದೆ.

ಮನೆಯಲ್ಲಿ ತೂಗುವುದು ಶುರುವಾಯಿತು. ಪಾವು, ಚಟಾಕು, ತೊಲೆ ಹೋಗಿ ಗ್ರಾಂ, ಕಿಲೋ ಬಂದ ಹೊಸದು. ಪುಸ್ತಕದಲ್ಲಿದ್ದದ್ದು ಔನ್ಸು, ಅಂಗಡಿಯಲ್ಲಿ ಗ್ರಾಂ, ಅವ್ವನ ಕೈಯಲ್ಲಿ ಚಟಾಕು. ಮೂರನ್ನೂ ಒಂದಕ್ಕೊಂದು ಹೊಂದಿಸುವುದರಲ್ಲಿ ಬೆಳಗ್ಗಿನ ಅರ್ಧ ತಾಸು ಹೋಗುತ್ತಿತ್ತು. ಅವ್ವ ರೊಟ್ಟಿ ಬಡಿಯಲು ಮುದ್ದೆ ಎತ್ತಿಕೊಂಡರೆ ನಾನು ಅದನ್ನು ಅವಳ ಕೈಯಿಂದ ತೆಗೆದು ತಕ್ಕಡಿಗೆ ಹಾಕುತ್ತಿದ್ದೆ. ಹೆಚ್ಚಾದದ್ದನ್ನು ಚಿವುಟಿ ಪರಾತಕ್ಕೆ ಒಗೆಯುತ್ತಿದ್ದೆ. ಅವ್ವ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ, "ಹಿಟ್ಟು ತೂಗಿ ರೊಟ್ಟಿ ಕೊಡೂದು ಜೇಲಿನ್ಯಾಗ ಬೇ. ನಾ ಏನ್ ತಪ್ಪು ಮಾಡೀನಿ?" ಎಂದು ಕೇಳಿದಳು.

ಕ್ಯಾಲೊರಿ ಎಂದರೆ ಶಾಖ ಎಂದು ಅವಳಿಗೆ ತಿಳಿಸಲು ಹೋಗಿ ಸಿಕ್ಕಿಬಿದ್ದೆ. ಅವಳ ಲೆಕ್ಕದಲ್ಲಿ ಬೆಲ್ಲ ಕಾವು, ಹೆಸರುಬೇಳೆ ತಂಪು. ಹೆಸರುಬೇಳೆಯಲ್ಲೂ ಶಾಖವಿದೆ ಎಂದರೆ ಅವಳು ಒಪ್ಪಲಿಲ್ಲ. ನನಗೆ ಯಾರೋ ಏನೋ ಮಾಡಿಸಿದ್ದಾರೆ ಎಂದು ಪಕ್ಕದ ಮನೆಯಾಕೆಯ ಮುಂದೆ ಅತ್ತಳಂತೆ.

ನಾನು ಎಣ್ಣೆ ಬಿಟ್ಟೆ, ಬೆಲ್ಲ ಬಿಟ್ಟೆ, ಶೇಂಗಾ ಹಿಂಡಿ ಬಿಟ್ಟೆ. ಮುಂಜಾನೆ ಒಂದು ರೊಟ್ಟಿ, ಮಧ್ಯಾಹ್ನ ಬೇಯಿಸಿದ ಹೀರೆಕಾಯಿ, ಸಂಜೆ ಅರ್ಧ ರೊಟ್ಟಿ, ನೀರು ಮಜ್ಜಿಗೆ. ಎಣ್ಣೆ ಕಾಣದ ಹೀರೆಕಾಯಿ ತಾಟಿನಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತಿತ್ತು. ಹದಿನೈದು ದಿನಕ್ಕೆ ನನ್ನ ಬಾಯಿಂದ ಹುಳಿ ವಾಸನೆ ಬರತೊಡಗಿತು, ಮಾತಾಡುವಾಗ ಸೆರಗು ಅಡ್ಡ ಹಿಡಿಯುತ್ತಿದ್ದೆ. ಎಲ್ಲಿ ಯಾರು ಏನು ತಿಂದರೂ ಅವರ ಬಾಯಿಯನ್ನೇ ನೋಡುತ್ತಿದ್ದೆ. ಬಸ್ಸಿನಲ್ಲಿ ಚುನಮರಿ ತಿನ್ನುವವರ ಬಾಯಿ, ಅವರ ಹಲ್ಲಿನ ಸಂದಿ, ಗಡ್ಡಕ್ಕೆ ಅಂಟಿದ ಪುಠಾಣಿ ಹಿಟ್ಟು. ನೋಡಿದರೆ ವಾಕರಿಕೆ, ನೋಡದೆ ಇರಲಾಗದು.

ಸುಳ್ಳೂ ಬರೆದೆ. ಅವ್ವ ನೀರಿಗೆ ಹೋದಾಗ ಡಬ್ಬಿಯಿಂದ ಎರಡು ಮುಷ್ಟಿ ಶೇಂಗಾ ಬಾಯಿಗೆ ತುಂಬಿಕೊಂಡು, ಸಿಪ್ಪೆಯ ಚೂರುಗಳನ್ನು ನೆಲದಿಂದ ಬೆರಳಿಗೆ ಅಂಟಿಸಿ ಎತ್ತಿ ಅದನ್ನೂ ತಿಂದು, ಪುಸ್ತಕದಲ್ಲಿ 'ಏನೂ ಇಲ್ಲ' ಎಂದು ಬರೆದೆ. ಬರೆಯುವವಳೂ ನಾನೇ, ಓದುವವಳೂ ನಾನೇ. ಆದರೂ ಬರೆದೆ. ಮರುದಿನ ಅದಕ್ಕೆ ಪ್ರಾಯಶ್ಚಿತ್ತವೆಂದು ಸೊಲ್ಲಾಪುರ ರಸ್ತೆಯಲ್ಲಿ ಮೂರು ಮೈಲು ಹೋಗಿ ಮೂರು ಮೈಲು ಬಂದೆ. ಲಾರಿಗಳ ಧೂಳು ಕುಡಿದು ಬಂದು, ಬಲಗಡೆ ಅಂಕಿ ಬರೆದಾಗ ಮಾತ್ರ ಒಂದು ಗಳಿಗೆ ಸಮಾಧಾನ.

ಮೈ ಇಳಿಯಿತು. ಎರಡು ತಿಂಗಳಿಗೆ ಕುಬುಸಗಳನ್ನು ಹಿಡಿಸಬೇಕಾಯಿತು. ಆಫೀಸಿನ ಜವಾನ ನನ್ನನ್ನು ಮೊದಲ ಸಲ 'ಅಕ್ಕಾರ' ಎಂದು ಕರೆದ. ಅಲ್ಲಿಯವರೆಗೆ ನನ್ನನ್ನು ಕರೆಯಬೇಕಾದ ಪ್ರಸಂಗವನ್ನೇ ಅವನು ತಪ್ಪಿಸುತ್ತಿದ್ದ.

ಆ ಶ್ರಾವಣದಲ್ಲಿ ಮೇಲಿನಿಂದ ಒಂದು ಕೆಲಸ ಬಂತು. ಒಬ್ಬೊಬ್ಬ ಸೇವಿಕೆ ಒಂದೊಂದು ಹಳ್ಳಿಯಲ್ಲಿ ಕೂಲಿ ಮಾಡುವ ಒಬ್ಬ ಹೆಂಗಸನ್ನು ಆರಿಸಿಕೊಂಡು, ಮೂರು ದಿನ ಅವಳು ತಿಂದದ್ದನ್ನೆಲ್ಲ ತೂಗಿ, ಮಾಡಿದ ಕೆಲಸವನ್ನೆಲ್ಲ ತಾಸಿನ ಲೆಕ್ಕದಲ್ಲಿ ಬರೆದು ತರಬೇಕು. ನನಗೆ ಘೋಣಸಗಿ ಬಂತು. ಈ ಲೆಕ್ಕ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ಜಂಬದಲ್ಲಿ ತಕ್ಕಡಿ, ಹಿತ್ತಾಳೆಯ ತೂಕದ ಬಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ಟಿಕೋಟಾದವರೆಗೆ ಬಸ್ಸಿನಲ್ಲಿ ಹೋದೆ. ಮುಂದೆ ಒಂದು ಚಕ್ಕಡಿಯವನು ಕೂರಿಸಿಕೊಳ್ಳುತ್ತೇನೆ ಎಂದ. ಬೇಡವೆಂದು ನಡೆದೆ. ಎಷ್ಟು ತಾಸು ನಡೆದೆ ಎಂದು ದಾರಿಯಲ್ಲೇ ಬರೆದುಕೊಂಡೆ.

ಉಳಿಯಲು ಊರಿನ ದೊಡ್ಡ ಮನೆಯೊಂದರಲ್ಲಿ ಏರ್ಪಾಡಾಗಿತ್ತು. ಹಿಂದೆ ದೊಡ್ಡ ಹಿತ್ತಲು, ದನದ ಕೊಟ್ಟಿಗೆ. ನಾನು ಆರಿಸಿಕೊಂಡ ಹೆಂಗಸು ಊರಾಚೆಯ ಕೇರಿಯವಳು. ಆ ಕೇರಿಯ ಕೆಲವು ಮನೆಗಳವರು ಒಂದೆರಡು ವರ್ಷದ ಹಿಂದೆ ಬೌದ್ಧರಾಗಿದ್ದರು. ಅವಳ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿದ್ದ ಹಳೆಯ ಕ್ಯಾಲೆಂಡರು ಇತ್ತು. ಗಂಡ ಸೊಲ್ಲಾಪುರದ ಮಿಲ್ಲಿನಲ್ಲಿ. ಮನೆಯಲ್ಲಿ ಹಲ್ಲಿಲ್ಲದ ಅತ್ತೆ, ಇಬ್ಬರು ಮಕ್ಕಳು. ಅವಳಿಗೆ ನನಗಿಂತ ಏಳೆಂಟು ವರ್ಷ ಹೆಚ್ಚು. ಆದರೂ ಅವಳು ನನಗೆ 'ನೀವು' ಎಂದಳು, ನಾನು ಅವಳಿಗೆ 'ನೀ' ಎಂದೆ. ಹಾಗೆ ಎಂದೆ ಎಂಬುದು ನನಗೆ ಗೊತ್ತಾದದ್ದು ಕೆಲವು ವರ್ಷಗಳ ಮೇಲೆ.

ಮುಂಜಾನೆ ಅವಳ ಒಲೆಯ ಮುಂದೆ ತಕ್ಕಡಿ ಹಿಡಿದು ಕೂತೆ. ಅವಳು ಒಂದು ರೊಟ್ಟಿ ಮುರಿದು ಅರ್ಧ ತನಗೆ ತೆಗೆದುಕೊಂಡಳು. ಮೇಲೆ ಹಸಿಮೆಣಸಿನಕಾಯಿ ಖಾರ. ನಾನು ರೊಟ್ಟಿಯನ್ನು ಒಂದು ತಟ್ಟೆಗೆ, ಬಟ್ಟನ್ನು ಇನ್ನೊಂದಕ್ಕೆ ಹಾಕಿದೆ. ಮುಳ್ಳು ನಿಲ್ಲುವವರೆಗೆ ಅವಳು ಕೈ ಕಟ್ಟಿಕೊಂಡು ಕಾದಳು. ಆಮೇಲೆ ಕೇಳಿದಳು, "ಈಗ ತಿನ್ನಬೌದೇನ್ರಿ ಅಕ್ಕಾರ?"

ತಿನ್ನು ಎಂದು ಅಪ್ಪಣೆ ಕೊಟ್ಟೆ.

ಅಂದು ಅವಳು ಶೇಂಗಾ ಹೊಲದಲ್ಲಿ ಕುರ್ಪಿ ಹಿಡಿದು ಕಸ ತೆಗೆದಳು. ಬೆಳಿಗ್ಗೆಯಿಂದ ಹೊತ್ತು ಇಳಿಯುವವರೆಗೆ ಕುಕ್ಕರಗಾಲಿನಲ್ಲೇ ಸಾಲಿನ ಈ ತುದಿಯಿಂದ ಆ ತುದಿಗೆ. ನಾನು ಬದುವಿನ ಜಾಲಿಗಿಡದ ಕೆಳಗೆ ಕೂತು ಪುಸ್ತಕದಲ್ಲಿ ಈ ಕೆಲಸಕ್ಕೆ ಎಷ್ಟು ಎಂದು ಹುಡುಕಿದೆ. ಇರಲಿಲ್ಲ. ಟೈಪು ಮಾಡುವುದು ಇತ್ತು, ಇಸ್ತ್ರಿ ಮಾಡುವುದು ಇತ್ತು, ಪಿಯಾನೋ ಬಾರಿಸುವುದು ಇತ್ತು. ಕುಕ್ಕರಗಾಲಿನಲ್ಲಿ ಎಂಟು ತಾಸು ಕಸ ತೆಗೆಯುವುದು ಇರಲಿಲ್ಲ. 'ತೋಟದ ಕೆಲಸ' ಎಂಬುದನ್ನು ಹಚ್ಚಿದೆ. ಮಧ್ಯಾಹ್ನ ಅವಳು ಒಂದು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ತಿಂದಳು. ಸಂಜೆಗೆ ಮನೆಯಲ್ಲಿ ಇರುವುದು ಜೋಳದ ನುಚ್ಚು, ನೀರು ಮಜ್ಜಿಗೆ ಎಂದು ತಿಳಿಸಿದಳು.

ಅವಳು ತಿಂದದ್ದನ್ನು ಕೂಡಿಸಿದೆ. ನಾನು ಎರಡು ತಿಂಗಳು ಒದ್ದಾಡಿ, ಅತ್ತು, ಸುಳ್ಳು ಬರೆದು, ಕಷ್ಟಪಟ್ಟು ಇಳಿಸಿದ ನನ್ನ ದಿನದ ಅಂಕಿ ಎಷ್ಟಿತ್ತೋ ಅವಳದೂ ಸುಮಾರು ಅಷ್ಟೇ ಬಂತು. ಬಲಗಡೆ ಮಾತ್ರ ಅವಳದು ನನ್ನದರ ಹತ್ತಿರಹತ್ತಿರ ಎರಡು ಪಟ್ಟು. ಆ ಬದುವಿನ ಮೇಲೆ ಕೂತಾಗ ನನಗೆ ಮೊದಲು ಬಂದ ಭಾವನೆ ಮರುಕವಲ್ಲ. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಮತ್ತೊಂದು ಸುಳ್ಳಾಗುತ್ತದೆ. ಬಗ್ಗಿ ಕೆಲಸ ಮಾಡುವಾಗ ಅವಳ ಕುಬುಸದ ಕೆಳಗೆ ಕಾಣುತ್ತಿದ್ದ ಚಪ್ಪಟೆ ಹೊಟ್ಟೆ, ತೆಳ್ಳನೆಯ ತೋಳು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಇವಳಿಗೆ ಎಷ್ಟು ಸುಲಭ ಎನಿಸಿತು. ಇಷ್ಟು ನೀಚ ಯೋಚನೆ ಒಂದು ನೋಟುಪುಸ್ತಕದಿಂದ ಬರಬಹುದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅಂದು ಶ್ರಾವಣ ಸೋಮವಾರ. ದೊಡ್ಡ ಮನೆಯ ಯಜಮಾನತಿ ಒಂದು ಹೊತ್ತು ಉಪವಾಸವಿದ್ದು ಸಂಜೆ ಹೊತ್ತು ಮುಳುಗುವ ಮೊದಲೇ ಹೋಳಿಗೆ ಊಟ ಮಾಡಿಸಿದರು. ನನ್ನ ತಾಟಿಗೆ ಎರಡು ಹೋಳಿಗೆ, ಮೇಲೆ ತುಪ್ಪ. ಬೇಡವೆಂದರೂ ಬಿಡಲಿಲ್ಲ. ತುಪ್ಪದಲ್ಲಿ ನೆನೆದ ಹೂರಣದ ವಾಸನೆ ಬಡಿದಾಗ ನನ್ನ ಬಾಯಲ್ಲಿ ನೀರು ಹೇಗೆ ಬಂತೆಂದರೆ ತುಟಿ ಒತ್ತಿ ಹಿಡಿಯಬೇಕಾಯಿತು. ಕೈ ತೊಳೆಯುವ ನೆಪ ಮಾಡಿ, ಎರಡನ್ನೂ ಮಡಚಿ ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದೆ. ಬಣವೆಯ ಮರೆಯಲ್ಲಿ ನಿಂತು ತುತ್ತು ಮುರಿದು ಬಾಯಿಗಿಟ್ಟೆ. ಅಗಿದೆ. ಸಿಹಿಯೆಲ್ಲ ನಾಲಗೆಗೆ ಇಳಿಯುವವರೆಗೆ ಅಗಿದು, ನುಂಗದೆ, ಉಗುಳಿದೆ. ನುಂಗದಿದ್ದರೆ ಎಡಗಡೆ ಬರೆಯಬೇಕಿಲ್ಲ. ಮನೆಯ ನಾಯಿ ಬಂದು ನಾನು ಉಗುಳಿದ ಉಂಡೆಗಳನ್ನು ನೆಕ್ಕತೊಡಗಿತು. ಎರಡು ಹೋಳಿಗೆ ಮುಗಿಯುವವರೆಗೆ ನಾನು ಅಗಿದೆ, ಅದು ತಿಂದಿತು. ಗಲ್ಲದ ಮೇಲೆ ಇಳಿದ ಜೊಲ್ಲನ್ನು ಒರೆಸಿಕೊಂಡು ತಿರುಗಿದಾಗ ಕೊಟ್ಟಿಗೆಯ ಬಾಗಿಲಲ್ಲಿ ಯಾರೋ ಸರಿದ ಹಾಗಾಯಿತು. ದನವಿರಬೇಕು ಅಂದುಕೊಂಡೆ.

ಎರಡನೆಯ ದಿನ ಮಧ್ಯಾಹ್ನ ಹೊಲದಲ್ಲಿ ನಾಲ್ಕೈದು ಹೆಂಗಸರು ಬುತ್ತಿ ಬಿಚ್ಚಿದರು. ನಾನು ಅವಳ ರೊಟ್ಟಿ ತೂಗಿ ಕೊಟ್ಟೆ. ಅವಳು ಅದನ್ನು ಮುರಿದು, ಪಲ್ಯ ಹಾಕಿ, ಅರ್ಧವನ್ನು ನನ್ನ ಕಡೆ ಚಾಚಿದಳು. ಎರಡು ದಿನದಿಂದ ಬಿಸಿಲಲ್ಲಿ ಕೂತಿದ್ದೀರಿ, ಒಂದು ತುತ್ತು ತಿನ್ನಿರಿ ಎಂದಳು. ನಾನು ಯೋಚಿಸದೆ ಕೈ ಹಿಂದಕ್ಕೆ ತೆಗೆದುಕೊಂಡೆ. ನನ್ನ ಅಂದಿನ ಪುಟದಲ್ಲಿ ಅರ್ಧ ರೊಟ್ಟಿಗೆ ಜಾಗವಿರಲಿಲ್ಲ. ಅವಳ ಕೈ ಅಲ್ಲೇ ನಿಂತಿತು. ಉಳಿದ ಹೆಂಗಸರು ಅಗಿಯುವುದನ್ನು ನಿಲ್ಲಿಸಿದರು.

"ನಮ್ಮ ಕೈಯಾಂದು ಉಣ್ಣಂಗಿಲ್ಲೇನ್ರಿ?" ಎಂದಳು. ದನಿ ಏರಿಸಲಿಲ್ಲ.

ಅವಳು ಏನು ತಿಳಿದಳೆಂದು ಆಗ ನನಗೆ ಹೊಳೆಯಿತು. ಗಾಬರಿಯಾಗಿ, ಹಾಗಲ್ಲ, ನಾನು ಜಾತಿಗೀತಿ ನೋಡುವವಳಲ್ಲ ಎಂದು ತೊದಲಿದೆ. ಮೈ ಇಳಿಸಿಕೊಳ್ಳಲು ಊಟ ಕಡಿಮೆ ಮಾಡಿದ್ದೇನೆ, ತಿಂದದ್ದನ್ನೆಲ್ಲ ನಿನ್ನದನ್ನು ಬರೆದ ಹಾಗೆ ನನ್ನದನ್ನೂ ಬರೆದಿಡುತ್ತೇನೆ ಎಂದು, ಚೀಲದಿಂದ ನನ್ನ ನೋಟುಪುಸ್ತಕ ತೆಗೆದು ಓದು ಬಾರದ ಅವಳ ಮುಂದೆ ಹಿಡಿದೆ. ಅವಳು ಪುಟವನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ನಿನ್ನೆ ದನದ ಮನಿ ಕಸ ಹೊಡ್ಯಾಕ ಬಂದಿದ್ದೆ. ನೀವು ಹಿತ್ತಲದಾಗ ಹೋಳಿಗಿ ಉಗುಳೂದು ನೋಡೀನ್ರಿ. ಮೈಯಾಗ ಆರಾಮ ಇಲ್ಲೇನೋ ಪಾಪ ಅಂದ್ಕೊಂಡೆ."

ನಾನು ನೋಟುಪುಸ್ತಕ ಮುಚ್ಚಿದೆ.

"ಬ್ಯಾಡಾಗಿದ್ರ ನಾಯಿಗಿ ಹಂಗ ಹಾಕಬೇಕಿತ್ತಲ್ರಿ. ಅಗದು ಯಾಕ ಹಾಕಿದ್ರಿ?"

ಅವಳು ಚುಚ್ಚಲೆಂದು ಕೇಳಿದ್ದಲ್ಲ. ನಿಜವಾಗಿ ಅವಳಿಗೆ ಅರ್ಥವಾಗಿರಲಿಲ್ಲ. ಆದರೆ ಕೇಳುವಾಗ ಅವಳ ಮೂಗಿನ ಹೊಳ್ಳೆ ಸ್ವಲ್ಪ ಅರಳಿತು. ಹೇಸಿಗೆಯಾದಾಗ ಎಲ್ಲರಿಗೂ ಅರಳುವ ಹಾಗೆ. ಆ ಕೇರಿಯವರನ್ನು ಕಂಡು ಮೂಗು ಮುರಿಯುವವರನ್ನು ಹುಟ್ಟಿದಂದಿನಿಂದ ನೋಡಿದ್ದೆ, ನಮ್ಮ ಮನೆಯಲ್ಲೇ ನೋಡಿದ್ದೆ. ಆ ಕೇರಿಯವಳೊಬ್ಬಳು ನನ್ನನ್ನು ಕಂಡು ಹೇಸುವುದನ್ನು ಅಂದು ನೋಡಿದೆ. ಅವಳು ಚಾಚಿದ ಅರ್ಧ ರೊಟ್ಟಿಯನ್ನು ಹಿಂದಕ್ಕೆಳೆದು ತಿನ್ನತೊಡಗಿದಳು. ನಾನು ತಕ್ಕಡಿ ಒರೆಸುತ್ತ ಕೂತೆ.

ಆ ಮಧ್ಯಾಹ್ನ ಅಲ್ಲಿ ಕೂರಲಾಗದೆ ಟಿಕೋಟಾಕ್ಕೆ ನಡೆದುಬಿಟ್ಟೆ. ಪೋಸ್ಟಿನ ಕೆಲಸವಿದೆ ಎಂದು ನೆಪ. ಬಸ್ ನಿಲ್ಲುವಲ್ಲಿ ಒಂದು ಹೋಟೆಲಿತ್ತು. ಒಳಗೆ ಹೋಗಿ ಭಜಿ ತರಿಸಿದೆ. ಒಂದು ಪ್ಲೇಟು, ಮತ್ತೊಂದು, ಮತ್ತೊಂದು. ಎಣ್ಣೆ ಮೊಣಕೈವರೆಗೆ ಇಳಿಯುವಂತೆ ತಿಂದೆ. ಸೀರೆಗೆ ಒರೆಸಿಕೊಂಡೆ. ಭಜಿ ಕರಿಯುತ್ತಿದ್ದವನ ಜಾತಿ ಯಾವುದೆಂದು ಕೇಳುವ ಯೋಚನೆ ನನಗೆ ಬರಲಿಲ್ಲ. ಹಾಗಾದರೆ ಹೊಲದಲ್ಲಿ ಕೈ ಹಿಂದೆ ಹೋದದ್ದು ಪೂರ್ತಿ ನೋಟುಪುಸ್ತಕದಿಂದಲೇ ಹೌದೋ, ಅಥವಾ ಮನೆಯಲ್ಲಿ ಕಲಿತದ್ದೂ ಒಂದಿಷ್ಟು ಸೇರಿತ್ತೋ? ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಇಲ್ಲವೆಂದು ಖಾತ್ರಿಯಾಗಿ ಹೇಳಲಾರೆ. ಊರ ಹೊರಗೆ ಒಂದು ಗಿಡದ ಬುಡದಲ್ಲಿ ಅಷ್ಟನ್ನೂ ವಾಂತಿ ಮಾಡಿ ವಾಪಸು ಘೋಣಸಗಿಗೆ ನಡೆದೆ.

ಮೂರನೆಯ ದಿನ ಬುತ್ತಿ ಬಿಚ್ಚಿದಾಗ ನಾನೇ ಬಾಯಿ ಬಿಟ್ಟು ಕೇಳಿದೆ, ನನಗೂ ಕೊಡು ಎಂದು. ಅವಳು ಇದ್ದ ಒಂದೇ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು. ನಾನು ತಿಂದೆ. ಪುಂಡಿಪಲ್ಯ ಹುಳಿಯಾಗಿ, ಖಾರವಾಗಿ, ಎರಡು ತಿಂಗಳ ಮೇಲೆ ಬಾಯಿಗೆ ರುಚಿ ಬಂದ ಹಾಗಾಯಿತು. ಉಳಿದವರು ನಾನು ತಿನ್ನುವುದನ್ನು ನೋಡಿ ತಮ್ಮ ಪಾಡಿಗೆ ತಿಂದರು. ಎಲ್ಲ ಸರಿಹೋಯಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವಳು, "ಇವತ್ತ ತೂಗಲಿಲ್ಲಲ್ರಿ" ಎಂದಳು.

ತೂಗುವುದೇನು ಬಂತು, ಅರ್ಧ ರೊಟ್ಟಿಯ ಅಂಕಿ ನನಗೆ ಬಾಯಿಪಾಠ. ಅವಳ ಹಾಳೆಯಲ್ಲಿ ಅದನ್ನು ಕಳೆದೆ. ಅವಳು ಉಳಿದ ಅರ್ಧ ತಿಂದು, ತಂಬಿಗೆ ಎತ್ತಿ ನೀರು ಗಟಗಟ ಕುಡಿದು, ಮತ್ತೆ ಸಾಲಿಗೆ ಇಳಿದಳು. ನಾನು ಜಾತಿ ನೋಡುವವಳಲ್ಲ ಎಂದು ತೋರಿಸಲು ತಿಂದ ರೊಟ್ಟಿ ಅವಳ ಹೊಟ್ಟೆಯಿಂದ ಬಂದದ್ದು. ನಾನು ಬುತ್ತಿ ಕಟ್ಟಿಸಿಕೊಂಡು ಹೋಗಿ ಅವರೊಡನೆ ಹಂಚಿಕೊಂಡು ತಿನ್ನಬಹುದಿತ್ತು. ದೊಡ್ಡ ಮನೆಯಲ್ಲಿ ಕೇಳಿದ್ದರೆ ಕಟ್ಟಿಕೊಡುತ್ತಿದ್ದರು. ಅಷ್ಟು ಸಾದಾ ಸಂಗತಿ, ಆಹಾರದ ಬಗ್ಗೆ ಊರೂರಿಗೆ ಪಾಠ ಹೇಳುವ ನನಗೆ ಮೂರು ದಿನದಲ್ಲಿ ಹೊಳೆಯಲಿಲ್ಲ.

ವಿಜಾಪುರಕ್ಕೆ ಬಂದು ಮೂರು ದಿನದ ಹಾಳೆಗಳನ್ನು ಸಾಹೇಬರ ಮುಂದಿಟ್ಟೆ. ಅವರು ಮೊತ್ತಗಳ ಮೇಲೆ ಬೆರಳಾಡಿಸಿದರು.

"ಇಷ್ಟ ತಿಂದು ಯಾರರೆ ಬದುಕ್ತಾರೇನು? ತಕ್ಕಡಿ ತಪ್ಪೈತಿ" ಎಂದರು.

ತಕ್ಕಡಿ ಸರಿಯಾಗಿದೆ ಎಂದೆ. ಅವರು ಸಿಟ್ಟಾಗಲಿಲ್ಲ. ಸಣ್ಣ ಮಕ್ಕಳಿಗೆ ತಿಳಿಹೇಳುವ ಹಾಗೆ ಹೇಳಿದರು: ಶೇಂಗಾ ಹೊಲದಲ್ಲಿ ಕೆಲಸ ಮಾಡುವವರು ಶೇಂಗಾ ತಿನ್ನದೆ ಇರುತ್ತಾರೆಯೇ, ದಿನಕ್ಕೆ ನಾಲ್ಕು ಮುಷ್ಟಿ ಸೇರಿಸು. ದೊಡ್ಡ ಮನೆಯ ಕೊಟ್ಟಿಗೆಗೆ ಹೋಗುವವಳಿಗೆ ಹಾಲು ಸಿಗದೆ ಇರುತ್ತದೆಯೇ, ಒಂದು ಲೋಟ ಸೇರಿಸು. ಕಾಯಿ ಇನ್ನೂ ಕಟ್ಟಿಯೇ ಇರಲಿಲ್ಲ, ಬರೀ ಹೂವಿತ್ತು ಎಂದು ನಾನು ಹೇಳಿದೆ. ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ. ಹೊಸ ಹಾಳೆ ತೆಗೆದುಕೊಂಡು ಅವರ ಮೇಜಿನ ತುದಿಗೇ ಕೂತು, ಅವಳು ತಿನ್ನದ ಶೇಂಗಾವನ್ನು, ಕುಡಿಯದ ಹಾಲನ್ನು ದುಂಡಗಿನ ಅಕ್ಷರದಲ್ಲಿ ಬರೆದೆ. ಸುಳ್ಳು ಬರೆದು ಕೈ ಪಳಗಿತ್ತು. ಅಲ್ಲಿಯವರೆಗೆ ನಾನು ತಿಂದದ್ದನ್ನು ತಿಂದಿಲ್ಲ ಎಂದು ಬರೆದಿದ್ದೆ. ಈಗ ಅವಳು ತಿನ್ನದೆ ಇದ್ದದ್ದನ್ನು ತಿಂದಳೆಂದು ಬರೆದೆ.

ಬರೆದು ಮುಗಿಸಿ ಎದ್ದಾಗ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಛಲೋ ಇಳಿದಿದ್ದೀ, ಈಗ ನಿನ್ನ ಮಾತು ಮಂದಿ ಕೇಳುತ್ತಾರೆ ಎಂದರು. ಇವಳನ್ನು ನೋಡಿ ಉಳಿದವರು ಕಲಿಯಬೇಕು ಎಂದು ಕಾರಕೂನರಿಗೆ ತೋರಿಸಿದರು. ಅಂದೂ ಮೇಜಿನ ಮೇಲೆ ಶಿರಾ ಇತ್ತು. ಬಸಿಯನ್ನು ನನ್ನ ಕಡೆ ಸರಿಸಿ, ಈಗ ತಿನ್ನಬಹುದು, ತಿನ್ನು ಎಂದರು. ಘೋಣಸಗಿಯಲ್ಲಿ ನಾನು ಕೊಟ್ಟ ಅಪ್ಪಣೆಯೂ ಅವಳ ಕಿವಿಗೆ ಹೀಗೆಯೇ ಬಿದ್ದಿರಬೇಕು. ಆದರೂ ಬಸಿ ತೆಗೆದುಕೊಂಡೆ. ಒಂದು ಚಮಚ ಬಾಯಿಗಿಟ್ಟೆ. ಅದು ಬಾಯಲ್ಲಿ ಬೆಳೆಯುತ್ತ ಹೋಯಿತು. ಉಗುಳಲು ಅಲ್ಲಿ ಬಣವೆಯಿರಲಿಲ್ಲ. ಕಣ್ಣಲ್ಲಿ ನೀರು ಬರುವಂತೆ ನುಂಗಿ, ಉಪಕಾರವಾಯಿತು ಎಂದು ಹೇಳಿ ಹೊರಗೆ ಬಂದೆ.

ಅಂದಿನಿಂದ ನನ್ನ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ದೊಡ್ಡ ನಿರ್ಧಾರ ಮಾಡಿ ಬಿಟ್ಟದ್ದಲ್ಲ. ಪೆನ್ನು ಹಿಡಿದರೆ ಬಾಯಲ್ಲಿ ಜೊಲ್ಲಿನ ರುಚಿ ಬರುತ್ತಿತ್ತು. ಅವ್ವ ಮತ್ತೆ ಕೈಯಳತೆಯಲ್ಲಿ ರೊಟ್ಟಿ ಬಡಿದಳು. ಯಾರೋ ಮಾಡಿಸಿದ್ದು ಬಿಟ್ಟುಹೋಯಿತೆಂದು ದೇವರಿಗೆ ಕಾಯಿ ಒಡೆಸಿ ಪಕ್ಕದ ಮನೆಯಾಕೆಗೂ ಕೊಟ್ಟಳು. ವರ್ಷದೊಳಗೆ ನನ್ನ ಮೈ ಮೊದಲಿನಂತಾಯಿತು. ಸರ್ವೆ ಕೆಲಸ ನನ್ನಿಂದಾಗದು ಎಂದು ಬರೆದುಕೊಟ್ಟು ಬಬಲೇಶ್ವರದ ಬಾಲವಾಡಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿ ಮಕ್ಕಳಿಗೆ ಹಾಲಿನ ಪುಡಿ ಕಲಸಿ ಕುಡಿಸುವ ಕೆಲಸ. ಪಟ್ಟಿ ಓದಿ ಹೇಳಬೇಕಾದಲ್ಲೆಲ್ಲ ಓದದೆ ತಪ್ಪಿಸಿಕೊಂಡೆ. ಸಾಹೇಬರಿಗೆ ಬಡ್ತಿ ಸಿಕ್ಕಿತು ಎಂದು ಕೇಳಿದೆ.

ಮೂರು ನಾಲ್ಕು ವರ್ಷಗಳ ಮೇಲೆ ಟಿಕೋಟಾದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ದೂರದೂರಿಗೆ ಹೊರಟ ಹಾಗೆ ಗಂಟು ಹೊತ್ತ ಹೆಂಗಸೊಬ್ಬಳು ಹತ್ತಿರ ಬಂದು ನಿಂತಳು. ಘೋಣಸಗಿಯ ಅವಳೇ. ನಾನು ಗುರುತಿಸುವ ಮೊದಲೇ ಅವಳು ನನ್ನ ಗುರುತು ಹಿಡಿದಳು. ಅತ್ತೆ ತೀರಿಹೋದಳಂತೆ, ಮಕ್ಕಳನ್ನು ಕರೆದುಕೊಂಡು ಸೊಲ್ಲಾಪುರಕ್ಕೆ, ಗಂಡನಿದ್ದಲ್ಲಿಗೇ ಹೋಗುತ್ತಿದ್ದಾಳಂತೆ. ಕೆಳಗಿಳಿಸಿದ ಗಂಟಿನ ಮೇಲೆ ಮಕ್ಕಳು ಕೂತಿದ್ದರು. ನನ್ನ ಆರೋಗ್ಯ ಕೇಳಿದಳು. ಆಮೇಲೆ ಕೇಳಿದಳು.

"ಆ ಲೆಕ್ಕ ಏನಾತ್ರಿ ಅಕ್ಕಾರ? ಮೂರು ದಿನ ತೂಗಿದ್ರಲ್ಲ."

ನಾನು ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ನೀವು ತಿಂದದ್ದಕ್ಕಿಂತ ಹೆಚ್ಚು ತಿಂದಿರಿ ಎಂದು ಬರೆದೆ, ಶೇಂಗಾ, ಹಾಲು ಸೇರಿಸಿದೆ ಎಂದೆ. ಯಾಕೆ ಎಂದು ಕೇಳಿದಳು. ಸಾಹೇಬರು ಹೇಳಿದರು ಎಂದೆ.

"ಅದರಾಗ ನನ್ನ ಹೆಸರು ಬರದೀರೇನ್ರಿ?"

ಇಲ್ಲ, ಬರೀ ನಂಬರು ಎಂದೆ.

"ಹಂಗಾರ ಬಿಡ್ರಿ. ಅದು ನಾ ಅಲ್ಲ."

ಅವಳ ಬಸ್ಸು ಬಂತು. ಗಂಟನ್ನು ಮೇಲೆ ಹಾಕಲು ಕಂಡಕ್ಟರು ಒಪ್ಪಲಿಲ್ಲ, ಅವಳು ಅವನೊಡನೆ ಜಗಳಾಡಿ ಹಾಕಿಸಿದಳು. ಮಕ್ಕಳನ್ನು ಹತ್ತಿಸಿ ತಾನೂ ಹತ್ತಿದಳು. ಬಸ್ಸು ಹೊರಡುವವರೆಗೆ ನಾನು ಅಲ್ಲೇ ನಿಂತಿದ್ದೆ. ಒಳಗೆ ನೂಕುನುಗ್ಗಲು ಬಹಳವಿತ್ತು, ಅವಳಿಗೆ ಕಿಟಕಿ ಸಿಗಲಿಲ್ಲ.